ಬಾಟಲಿ ನೋಡುವ ಕೆಲಸ

ಅಕ್ಕನಿಗೆ ಎರಡನೇ ಸಲ ಕೀಮೋ ಕೊಟ್ಟ ಮೇಲೆ ಬಾಯಿಯ ರುಚಿ ಕೆಟ್ಟುಹೋಯಿತು. ರುಚಿ ಹೋಯಿತು ಅನ್ನುವುದು ಸರಿಯಲ್ಲ, ಎಲ್ಲದಕ್ಕೂ ಒಂದೇ ರುಚಿ ಬಂದುಬಿಟ್ಟಿತು. ಗಂಜಿ, ಎಳನೀರು, ಮಜ್ಜಿಗೆ, ನನ್ನ ಹೆಂಡತಿ ಸೋಸಿ ಕೊಡುತ್ತಿದ್ದ ಬೇಳೆಕಟ್ಟು, ಏನನ್ನು ಬಾಯಿಗಿಟ್ಟರೂ ಮುಖ ಕಿವುಚಿ, "ತುಕ್ಕು ಹಿಡಿದ ಗೇಟು ನೆಕ್ಕಿದ ಹಾಗಿದೆ ಕಣೋ" ಎನ್ನುತ್ತಿದ್ದಳು. ಬಲವಂತ ಮಾಡಿದರೆ ಒಂದೆರಡು ಚಮಚ ನುಂಗಿ, ಸ್ವಲ್ಪ ಹೊತ್ತಿಗೆಲ್ಲ ಬಚ್ಚಲಿಗೆ ಓಡುತ್ತಿದ್ದಳು. ಓಡುತ್ತಿದ್ದಳು ಎಂದು ಬರೆದೆ. ಓಡುವ ಶಕ್ತಿ ಎಲ್ಲಿತ್ತು? ನಾನೇ ತೋಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ವಿಮೆ ಕಚೇರಿಯಲ್ಲಿ ಕೆಲಸ ಮಾಡಿಕೊಂಡು ಬಿಟಿಎಂ ಲೇಔಟಿನಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ನಿವೃತ್ತಿಯಾಗಿ ಒಂದು ವರ್ಷ ತುಂಬುವ ಮೊದಲೇ ಕಾಯಿಲೆ ಗೊತ್ತಾಯಿತು. ಇಟ್ಟಮಡುವಿನ ನಮ್ಮ ಮನೆಗೆ ಕರೆದುಕೊಂಡು ಬಂದೆ. ಮನೆಯಲ್ಲಿ ನಾನು, ಹೆಂಡತಿ, ಅಪ್ಪ. ಅಪ್ಪನಿಗೆ ಎಂಬತ್ತಾರು. ನಾನು ಸುಬ್ರಹ್ಮಣ್ಯಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೆಂಡತಿ ಜಯನಗರದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ ನೋಡುತ್ತಾಳೆ. ಬೆಳಗ್ಗೆ ಅಕ್ಕನನ್ನು ನೋಡಿಕೊಳ್ಳುವ ಪಾಳಿ ಅವಳದು, ಮಧ್ಯಾಹ್ನದ ಮೇಲೆ ನನ್ನದು. ಆಸ್ಪತ್ರೆಗೆ ಹೋಗುವ ದಿನ ಪೂರ್ತಿ ನನ್ನದು. ಟೋಕನ್, ರಕ್ತಪರೀಕ್ಷೆ, ಮತ್ತೆ ಟೋಕನ್, ಪ್ಲಾಸ್ಟಿಕ್ ಕುರ್ಚಿ. ನಡುವೆ ನೆಂಟರ ಫೋನು. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ನಾನು ಒಂದೇ ಉತ್ತರ ಹೇಳುತ್ತಿದ್ದೆ. ಆ ತಿಂಗಳುಗಳಲ್ಲಿ ದುಃಖವಾಗುತ್ತಿತ್ತೇ ಎಂದು ಯಾರಾದರೂ ಕೇಳಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ನಿದ್ದೆ ಬರುತ್ತಿತ್ತು, ಅಷ್ಟೇ. ಕರಿಹಲಗೆಯ ಮುಂದೆ ನಿಂತುಕೊಂಡೇ ನಿದ್ದೆ ಬರುತ್ತಿತ್ತು.

ಒಂದು ದಿನ ಆಸ್ಪತ್ರೆಯಿಂದ ಆಟೋದಲ್ಲಿ ಬರುತ್ತಿದ್ದೆವು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಗಾಡಿಗಳು ಅಲ್ಲಾಡದೆ ನಿಂತವು. ಅಕ್ಕ ನನ್ನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ನನ್ನ ಕೈಯಲ್ಲಿ ವಾಂತಿಗೆಂದು ಇಟ್ಟುಕೊಂಡ ಕವರ್ ಇತ್ತು. ಇದ್ದಕ್ಕಿದ್ದಂತೆ ಕಣ್ಣು ಬಿಟ್ಟವಳು ಪಕ್ಕದ ಬೇಕರಿಯತ್ತ ನೋಡಿ, "ಅದು ಕೊಡ್ಸೋ" ಅಂದಳು.

"ಯಾವ್ದು? ಬನ್ನಾ?"

"ಅಲ್ಲ. ಆ ಕೆಂಪು ಬೋರ್ಡಿಂದು."

ಬೇಕರಿಯ ಹೆಸರು ಆ ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ಇತ್ತು. ಮಿಕ್ಕಿದ್ದೆಲ್ಲ ಪಾನೀಯದ ಕಂಪನಿಯ ಹೆಸರು. ನಮ್ಮ ಕಡೆಯ ಅರ್ಧ ಅಂಗಡಿಗಳ ಬೋರ್ಡು ಹಾಗೇ ಇದೆ. ದಿನಾ ನೋಡುತ್ತೇವೆ, ಓದುವುದಿಲ್ಲ. ಆಟೋದವನು, "ಸೈಡಿಗೆ ಹಾಕ್ತೀನಿ ಸಾರ್, ಬೇಗ ಬನ್ನಿ, ಪೊಲೀಸ್ರು ಬೈತಾರೆ" ಅಂದ. ಓಡಿಹೋಗಿ ಚಿಕ್ಕ ಬಾಟಲಿಯೊಂದು ತಂದೆ. ಅಕ್ಕ ಎರಡು ಗುಟುಕು ಕುಡಿದಳು. ನಾನು ಕವರ್ ಬಿಡಿಸಿ ಹಿಡಿದೆ. ಏನೂ ಆಗಲಿಲ್ಲ. ಮತ್ತೆರಡು ಗುಟುಕು ಕುಡಿದಳು.

"ಇದು ಹಾಗೇ ಇದೆ" ಎಂದಳು.

"ಏನು ಹಾಗೇ ಇದೆ?"

"ಇದರ ರುಚಿ. ಇದೊಂದು ಕಬ್ಬಿಣ ಆಗಿಲ್ಲ."

ಸಂಜೆ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಶುಗರ್ ಇಲ್ವಲ್ಲ ಅವರಿಗೆ? ಸ್ವಲ್ಪ ಸ್ವಲ್ಪ ಕೊಡಿ. ಈಗ ಏನಾದ್ರೂ ಒಳಗೆ ಹೋಗೋದು ಮುಖ್ಯ. ಅದು ಹೋದ್ರೆ ಹಿಂದೆ ಗಂಜಿನೂ ಹೋಗುತ್ತೆ" ಎಂದರು. ನಿಜವಾಗಿಯೂ ಹಾಗೇ ಆಯಿತು. ಅರ್ಧ ಲೋಟ ಕುಡಿದ ಮೇಲೆ ಅಕ್ಕ ನಾಲ್ಕು ಚಮಚ ಗಂಜಿ ಕುಡಿದು ನಿದ್ದೆ ಹೋದಳು.

ತೊಂದರೆ ಇದ್ದದ್ದು ಅಪ್ಪನದು. ನಮ್ಮ ಮನೆಯೊಳಗೆ ಆ ಪಾನೀಯ ಬರುತ್ತಿರಲಿಲ್ಲ.

ನಾನು ಹುಟ್ಟುವ ಮೊದಲು ಅಪ್ಪ ಆ ಕಂಪನಿಯ ಬಾಟ್ಲಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಬಾಟಲಿ ನೋಡುವ ಕೆಲಸ. ತೊಳೆದು ತುಂಬಿದ ಗಾಜಿನ ಬಾಟಲಿಗಳು ಸಾಲಾಗಿ ಒಂದು ಬಿಳಿ ದೀಪದ ಮುಂದೆ ಹಾದುಹೋಗುತ್ತವೆ. ಒಳಗೆ ಕಸ ಇದೆಯೇ, ಹುಳ ಇದೆಯೇ, ಬಾಯಿ ಒಡೆದಿದೆಯೇ ಎಂದು ನೋಡಿ ಕೆಟ್ಟದ್ದನ್ನು ತೆಗೆದಿಡಬೇಕು. ಕಣ್ಣು ಸೋಲುತ್ತದೆಂದು ಆಗಾಗ ಆಳು ಬದಲಿಸುತ್ತಿದ್ದರಂತೆ. ಖಾಕಿ ಯೂನಿಫಾರ್ಮ್, ಜೇಬಿನ ಮೇಲೆ ಕೆಂಪು ದಾರದಲ್ಲಿ ಹೊಲಿದ ಕಂಪನಿಯ ಹೆಸರು. ಆಮೇಲೆ ದೆಹಲಿಯಲ್ಲಿ ಸರ್ಕಾರ ಬದಲಾಯಿತು. ಪಾಲು ಬಿಟ್ಟುಕೊಡಿ, ಪಾನೀಯ ಮಾಡುವ ಗುಟ್ಟು ಹೇಳಿ ಎಂದಿತು. ಕಂಪನಿ ಒಪ್ಪದೆ ದೇಶ ಬಿಟ್ಟು ಹೋಯಿತು. ಅಪ್ಪನ ಕೆಲಸವೂ ಹೋಯಿತು. ಆಗ ನಾನು ತೊಟ್ಟಿಲಲ್ಲಿದ್ದೆ. ಬುದ್ಧಿ ಬರುವ ಹೊತ್ತಿಗೆ ಅಪ್ಪ ಊದುಬತ್ತಿ ಕಾರ್ಖಾನೆ ಸೇರಿಯಾಗಿತ್ತು. ನಾನು ಕಂಡ ಅಪ್ಪ ಗಂಧದ ಪುಡಿಯ ವಾಸನೆಯವನು. ಅಂಗಿಗೆ, ಊಟದ ಡಬ್ಬಿಗೆ, ನನ್ನ ತಲೆ ಸವರಿದ ಕೈಗೆ ಅದೇ ವಾಸನೆ.

ನಾನು ಕಾಲೇಜಿನಲ್ಲಿದ್ದಾಗ ಕಂಪನಿ ವಾಪಸು ಬಂತು. ಬಂತು ಅನ್ನುವುದಕ್ಕಿಂತ ಇಳಿಯಿತು ಅನ್ನಬೇಕು. ಜಯನಗರದ ಕಾಂಪ್ಲೆಕ್ಸಿನ ಸುತ್ತ ಕೆಂಪು ಛತ್ರಿಗಳು, ಪ್ರತಿ ಅಂಗಡಿಗೂ ಕೆಂಪು ಫ್ರಿಜ್ಜು, ಗೋಡೆಗಳ ಮೇಲೆ ಬಣ್ಣ. ಅಷ್ಟು ವರ್ಷ ನಾವು ಕುಡಿದ ದೇಶಿ ಪಾನೀಯಗಳು ಒಂದೊಂದಾಗಿ ಮೂಲೆ ಸೇರಿದವು. ಮದುವೆ ಮನೆಯಲ್ಲಿ ಪಾನಕದ ಜಾಗಕ್ಕೆ ಅದು ಬಂತು. ಮನೆಗೆ ಯಾರಾದರೂ ಬಂದರೆ ಮೊದಲು ಕಾಫಿ ಎನ್ನುತ್ತಿದ್ದವರು, "ಕಾಫಿನಾ, ಕೂಲ್ ಡ್ರಿಂಕ್ಸಾ?" ಎಂದು ಕೇಳತೊಡಗಿದರು. ನಾನೂ ಒಂದು ಬಾಟಲಿ ಹಿಡಿದುಕೊಂಡು ಮನೆಗೆ ಬಂದೆ. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲಾಚೆಗಿನ ಮೋರಿಗೆ ಸುರಿದು, ಖಾಲಿ ಬಾಟಲಿಯನ್ನು ಕಾಂಪೌಂಡಿನ ಮೇಲಿಟ್ಟು ಒಳಗೆ ಹೋದ. ಒಂದು ಮಾತೂ ಆಡಲಿಲ್ಲ. ಅಮ್ಮ ನನ್ನ ಮುಖ ನೋಡಿ, ಸುಮ್ಮನಿರು ಎಂಬಂತೆ ಕೈ ಮಾಡಿದಳು.

ಆಮೇಲೆ ನನಗೆ ಹೆಣ್ಣು ನೋಡಲು ತ್ಯಾಗರಾಜನಗರದ ಒಂದು ಮನೆಗೆ ಹೋದಾಗ ನಮಗೆಲ್ಲ ಅದನ್ನೇ ತಂದಿಟ್ಟರು. ಅಪ್ಪ ಬಾಟಲಿ ಮುಟ್ಟಲಿಲ್ಲ. ಹುಡುಗಿಯ ಕಡೆಯವರು ಸಂಬಂಧ ಒಪ್ಪಿಗೆಯಾಗಲಿಲ್ಲವೆಂದೇ ತಿಳಿದು ಎರಡು ದಿನ ಸಪ್ಪಗಿದ್ದರಂತೆ. ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಹೀಗೆ ನಮ್ಮ ಮನೆಯಲ್ಲಿ ಯಾರೂ ಹೇಳದ ಒಂದು ಕಟ್ಟಳೆ ಬೆಳೆಯಿತು. ನನ್ನ ಮಗಳು ಹಾಸ್ಟೆಲಿಗೆ ಹೋಗುವವರೆಗೂ ಹುಟ್ಟುಹಬ್ಬಕ್ಕೆ ನಿಂಬೆಹಣ್ಣಿನ ಷರಬತ್ತನ್ನೇ ಕುಡಿದಳು. "ತಾತನಿಗೆ ಬೇಜಾರಾಗುತ್ತೆ" ಎಂದರೆ ಅವಳೂ ಮತ್ತೆ ಅದು ಬೇಕೆಂದು ಕೇಳುತ್ತಿರಲಿಲ್ಲ.

ಆದ್ದರಿಂದ ಅಕ್ಕನ ಬಾಟಲಿಯನ್ನು ಕದ್ದು ತರುವುದು ಶುರುವಾಯಿತು. ಸ್ಕೂಲಿನಿಂದ ಬರುವಾಗ ಕೊಂಡು, ಬ್ಯಾಗಿನಲ್ಲಿ ಉತ್ತರಪತ್ರಿಕೆಗಳ ಕೆಳಗೆ ಇಟ್ಟು, ಅಡುಗೆಮನೆಯಲ್ಲಿ ಸ್ಟೀಲ್ ಫ್ಲಾಸ್ಕಿಗೆ ಸುರಿಯುತ್ತಿದ್ದೆ. ಹೆಂಡತಿ ನೋಡಿ ನಿಟ್ಟುಸಿರು ಬಿಟ್ಟಳು. "ಮಾವನಿಗೆ ಹೇಳ್ಬಿಡಿ. ಈ ವಯಸ್ಸಲ್ಲಿ ಇದೆಲ್ಲ ನಮ್ಮಿಂದಾಗಲ್ಲ."

"ಇನ್ನೊಂದು ತಲೆನೋವು ಬೇಡ. ಕೀಮೋ ಮುಗೀಲಿ."

"ನೀವು ಯಾವಾಗ್ಲೂ ಇನ್ನೊಂದು ಮುಗೀಲಿ ಅಂತೀರ" ಎಂದು ಅವಳು ಪಾತ್ರೆ ತೊಳೆಯಲು ಹೋದಳು. ವಾದ ಮಾಡುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಮಧ್ಯಾಹ್ನ ಅಪ್ಪ ಹಾಲಿನಲ್ಲಿ ದಿವಾನದ ಮೇಲೆ ಮಲಗಿದ ಮೇಲೆ ನಾನು ಫ್ಲಾಸ್ಕ್ ಹಿಡಿದು ಅಕ್ಕನ ಕೋಣೆಗೆ ಹೋಗಿ ಬಾಗಿಲು ಒರಗಿಸುತ್ತಿದ್ದೆ. ಅವಳು ಗುಟುಕು ಗುಟುಕಾಗಿ ಕುಡಿಯುತ್ತ ಮಾತಾಡುತ್ತಿದ್ದಳು. ಅವಳ ಬಾಲ್ಯ ಬೇರೆ, ನನ್ನದು ಬೇರೆ ಎಂದು ನನಗೆ ಗೊತ್ತಾದದ್ದು ಆಗಲೇ. ನಮ್ಮ ಮನೆಯವರು ಆಗ ತ್ಯಾಗರಾಜನಗರದ ಒಂದು ವಠಾರದಲ್ಲಿದ್ದರು. ಹಬ್ಬಕ್ಕೆ ಕಂಪನಿಯವರು ಅಪ್ಪನಿಗೆ ಒಂದು ಕ್ರೇಟ್ ಬಾಟಲಿ ಕೊಡುತ್ತಿದ್ದರು. ಅಮ್ಮ ಅದನ್ನು ಬಾವಿಯ ನೀರಿನ ಬಕೆಟ್ಟಿನಲ್ಲಿ ತಣ್ಣಗೆ ಮಾಡಿ, ವಠಾರದ ಮಕ್ಕಳಿಗೆಲ್ಲ ಸ್ಟೀಲ್ ಲೋಟದಲ್ಲಿ ಒಂದೊಂದು ಗುಟುಕು ಹಂಚುತ್ತಿದ್ದಳು. ಲೋಟ ಹಿಡಿಯುವ ಅಧಿಕಾರ ಅಕ್ಕನದು. ಸ್ಕೂಲಿನಲ್ಲಿ ಅವಳಿಗೆ "ಕಂಪನಿ ಹುಡುಗಿ" ಎಂದೇ ಹೆಸರಂತೆ. ಅಪ್ಪ ಸಂಜೆ ಬಂದರೆ ಅವನ ಯೂನಿಫಾರ್ಮಿನಿಂದ ಪಾಕದ ವಾಸನೆ ಬರುತ್ತಿತ್ತಂತೆ.

"ಬೆಲ್ಲದ ವಾಸನೆ ಅಲ್ಲ, ಸಕ್ಕರೆದೂ ಅಲ್ಲ. ಹೇಳಕ್ಕೆ ಬರಲ್ಲ. ನೀನು ಪಾಪ, ಊದುಬತ್ತಿ ಅಪ್ಪನ್ನ ನೋಡ್ದೆ" ಎಂದಳು ಒಂದು ದಿನ.

"ಆ ಕಂಪನಿ ಮೇಲೆ ಅಷ್ಟೊಂದು ಕೋಪ ಯಾಕೆ ಇಟ್ಕೊಂಡಿದಾನೆ? ಹೋಗಿದ್ದು ಸರ್ಕಾರದ ಜೊತೆ ಜಗಳ ಮಾಡ್ಕೊಂಡು. ಇವನನ್ನೇನೂ ಬೈದು ಓಡಿಸ್ಲಿಲ್ಲ."

ಅಕ್ಕ ಲೋಟ ಕೆಳಗಿಟ್ಟಳು. ಆಮೇಲೆ, "ನಿಂಗೆ ಹೇಳಿಲ್ಲ ಅಲ್ವಾ? ಯಾರಿಗೂ ಹೇಳ್ಬೇಡ ಅಂದಿದ್ದ" ಎಂದು ಶುರುಮಾಡಿದಳು.

ಕಂಪನಿ ವಾಪಸು ಬರುತ್ತಿದೆ ಎಂದು ಪೇಪರಿನಲ್ಲಿ ಬಂದಾಗ ಅಪ್ಪನಿಗೆ ಐವತ್ತು ದಾಟಿತ್ತು. ಊದುಬತ್ತಿ ಕಾರ್ಖಾನೆಯಲ್ಲಿ ಪುಡಿ ಕುಡಿದು ಕುಡಿದು ಕೆಮ್ಮು ಹತ್ತಿತ್ತು. ಒಂದು ಬೆಳಗ್ಗೆ ಟ್ರಂಕಿನಿಂದ ಹಳೇ ಖಾಕಿ ಯೂನಿಫಾರ್ಮ್ ತೆಗೆದು ಅಕ್ಕನ ಕೈಗೆ ಕೊಟ್ಟು ಇಸ್ತ್ರಿ ಮಾಡು ಅಂದ. ಅಷ್ಟು ವರ್ಷ ಕರ್ಪೂರ ಹಾಕಿ ಇಟ್ಟಿದ್ದ. ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಬರಲಿಲ್ಲ, ಅಕ್ಕ ಪಿನ್ನು ಚುಚ್ಚಿದಳು. ಅವತ್ತು ಅವಳು ಕಚೇರಿಗೆ ರಜೆ ಹಾಕಿ ಜೊತೆಗೆ ಹೋದಳು. ಬಸ್ಸು ಬದಲಿಸಿ, ಊರಾಚೆಯ ಹೊಸ ಕಾರ್ಖಾನೆಯ ಗೇಟಿಗೆ ಹೋದರು. ಅಪ್ಪ ವಾಚ್‌ಮನ್‌ಗೆ, "ನಾನು ಹಳಬ. ಬಾಟಲಿ ನೋಡ್ತಿದ್ದೆ" ಎಂದ. ವಾಚ್‌ಮನ್ ಒಳಗೆ ಫೋನ್ ಮಾಡಿ ಕೇಳಿ ಬಂದು, "ಅಂಕಲ್, ಈಗ ಅದನ್ನೆಲ್ಲ ಮಷಿನ್ ನೋಡುತ್ತಂತೆ" ಎಂದ.

"ಆಮೇಲೆ?"

"ಆಮೇಲೇನು? ಬಸ್ಸಿಗೆ ಕಾದ್ವಿ. ಸ್ಟಾಪಲ್ಲಿ ನಿಂತಿದ್ದವರೆಲ್ಲ ಅವನ ಜೇಬನ್ನೇ ನೋಡ್ತಿದ್ರು. ಕಂಪನಿಯವರು ಅನ್ಕೊಂಡು ಒಬ್ಬ ಬಂದು ಕೇಳ್ದ, ಸಾರ್ ಒಳಗೆ ಕೆಲಸ ಖಾಲಿ ಇದ್ಯಾ ಅಂತ."

ಹೊರಗೆ ಹಾಲಿನಿಂದ ಅಪ್ಪನ ಗೊರಕೆ ಕೇಳುತ್ತಿತ್ತು. ನನ್ನ ಬಾಟಲಿಯನ್ನು ಅವನು ಮೋರಿಗೆ ಸುರಿದದ್ದು ಅದಾದ ಎಷ್ಟು ದಿನಕ್ಕೋ ಎಂದು ಲೆಕ್ಕ ಹಾಕಲು ನೋಡಿದೆ. ಆ ಪ್ರಸಂಗಕ್ಕೆ ಕಡೆಗೂ ಅರ್ಥ ಸಿಕ್ಕಿತು ಅನ್ನಿಸಿತು. ಅರ್ಥ ಸಿಕ್ಕಿದ್ದರಿಂದ ಆಯಾಸವೇನೂ ಕಡಿಮೆಯಾಗಲಿಲ್ಲ. ಇನ್ನಷ್ಟು ಎಚ್ಚರವಾಗಿ ಫ್ಲಾಸ್ಕ್ ಬಚ್ಚಿಡಬೇಕಾಯಿತು, ಅಷ್ಟೇ.

ಅಪ್ಪನಿಗೆ ಗೊತ್ತಾದದ್ದು ಒಂದು ಶನಿವಾರ. ಕರೆಂಟ್ ಹೋಗಿ ಹಾಲಿನ ಫ್ಯಾನ್ ನಿಂತಿತ್ತು. ಸೆಕೆಗೆ ಎದ್ದವನು ಗೋಡೆ ಹಿಡಿದುಕೊಂಡು ಅಕ್ಕನ ಕೋಣೆಗೆ ಬಂದ. ನಾನು ಆಗ ತಾನೇ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

"ಏನೋ ಅದು?"

"ಕಷಾಯ ಅಪ್ಪ."

"ಕಷಾಯ ಬುಸ್ ಅನ್ನುತ್ತೇನೋ?"

ಅಕ್ಕ ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ನಕ್ಕು ಕೆಮ್ಮಿ, ಕಣ್ಣೊರೆಸಿಕೊಂಡು, "ಬಾಪ್ಪ, ಕೂತ್ಕೋ" ಎಂದು ಕಾಲು ಮಡಚಿ ಜಾಗ ಮಾಡಿದಳು. ನನಗೆ ಒಮ್ಮೆಲೇ ಸಾಕಾಗಿಹೋಯಿತು. ಫ್ಲಾಸ್ಕನ್ನು ಸ್ಟೂಲಿನ ಮೇಲೆ ಕುಕ್ಕಿ ಎಲ್ಲ ಹೇಳಿಬಿಟ್ಟೆ. ಆಟೋ, ಬೇಕರಿ, ಡಾಕ್ಟರು ಹೇಳಿದ್ದು.

"ಅದಕ್ಕೆ ಕದ್ದು ಯಾಕೆ ಕೊಡ್ಬೇಕು?"

"ನಿಂಗೆ ಬೇಜಾರಾಗುತ್ತೆ ಅಂತ."

"ನಂಗ್ಯಾಕೆ ಬೇಜಾರು?"

ನನಗೆ ಸಿಟ್ಟು ಬಂತು. "ಕಾಲೇಜಲ್ಲಿದ್ದಾಗ ನಾನು ತಂದ ಬಾಟ್ಲಿ ಮೋರಿಗೆ ಸುರೀಲಿಲ್ವಾ ನೀನು?"

ಅಪ್ಪ ಹುಬ್ಬು ಗಂಟಿಕ್ಕಿ ಯೋಚಿಸಿದ. "ಯಾವ ಬಾಟ್ಲಿ? ನೆನಪಿಲ್ವಲ್ಲೋ."

"ಹೆಣ್ಣು ನೋಡಕ್ಕೆ ಹೋದಾಗ? ಅವರು ಕೊಟ್ಟಿದ್ದು ಮುಟ್ಲೇ ಇಲ್ಲ."

"ಹಿಂದಿನ ದಿನ ಹಲ್ಲು ಕೀಳಿಸಿದ್ದೆನಲ್ಲಪ್ಪ. ತಣ್ಣಗಿರೋದು ಸೋಕಿದ್ರೆ ಪ್ರಾಣ ಹೋಗ್ತಿತ್ತು. ನಿಮ್ಮಮ್ಮನಿಗೆ ಹೇಳಿದ್ದೆ."

ಅಮ್ಮ ಈಗಿಲ್ಲ. ಅವಳು ಅದನ್ನು ನನಗೆ ಹೇಳಲು ಮರೆತಳೋ, ಬೀಗರಿಗೆ ಹೇಳಲು ನಾಚಿದಳೋ, ಯಾರನ್ನು ಕೇಳುವುದು? ಮೂವತ್ತು ವರ್ಷ ನಾವು ಒಂದು ಮೋರಿ, ಒಂದು ಹಲ್ಲಿನ ಮೇಲೆ ಕಟ್ಟಳೆ ಕಟ್ಟಿಕೊಂಡು ಕೂತಿದ್ದೆವು. ನನ್ನ ಮಗಳ ಅಷ್ಟೂ ಹುಟ್ಟುಹಬ್ಬಗಳು ಕಣ್ಣ ಮುಂದೆ ಬಂದವು. ನಗಬೇಕೋ ಅಳಬೇಕೋ ತಿಳಿಯದೆ ಕಿಟಕಿಯ ಹತ್ತಿರ ಹೋಗಿ ನಿಂತೆ.

ಅಕ್ಕ ಮೆಲ್ಲಗೆ, "ಗೇಟ್ ಹತ್ರ ಹೋಗಿದ್ದು ನೆನಪಿದ್ಯಾ ಅಪ್ಪ?" ಎಂದಳು.

ಅಪ್ಪ ತನ್ನ ಮೊಣಕಾಲುಗಳನ್ನು ಉಜ್ಜಿಕೊಳ್ಳುತ್ತಿದ್ದ.

"ಅದು ನೆನಪಿದೆ" ಎಂದ. "ಕೆಲಸ ಇಲ್ಲ ಅಂದಿದ್ದಕ್ಕೆ ಏನೂ ಅನ್ನಿಸ್ಲಿಲ್ಲ. ವಯಸ್ಸಾಗಿತ್ತು, ಇಲ್ಲ ಅಂತಾರೆ ಅಂತ ಗೊತ್ತಿತ್ತು. ಯೂನಿಫಾರ್ಮ್ ಹಾಕ್ಕೊಂಡು ಹೋಗ್ಬಾರ್ದಿತ್ತು."

ಅಕ್ಕ ಅವನ ಕೈ ಹಿಡಿದುಕೊಂಡಳು. ಕೀಮೋದ ಸೂಜಿಯಿಂದ ಕಪ್ಪಾದ ಅವಳ ಕೈ, ಸುಕ್ಕುಗಟ್ಟಿದ ಅವನ ಕೈ. ಎರಡರಲ್ಲಿ ಯಾವುದು ಹೆಚ್ಚು ಮುದಿಯಾಗಿದೆ ಎಂದು ಹೇಳುವುದು ಕಷ್ಟವಿತ್ತು. ಅವರಿಬ್ಬರ ನಡುವೆ ನನಗೆ ಜಾಗವಿಲ್ಲದ ಒಂದು ಕಾಲವಿತ್ತು. ಅದರ ಬಗ್ಗೆ ಹೊಟ್ಟೆಕಿಚ್ಚು ಪಡುವಷ್ಟು ಚೈತನ್ಯವೂ ಅವತ್ತು ನನ್ನಲ್ಲಿರಲಿಲ್ಲ. ಕರೆಂಟ್ ಬಂತು, ಫ್ಯಾನ್ ತಿರುಗಿತು. ನಾನು ಅಡುಗೆಮನೆಗೆ ಹೋಗಿ ಮೂವರಿಗೂ ಲೋಟ ತಂದೆ.

ಅಪ್ಪ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದ. "ಈಗ ಸಿಹಿ ಜಾಸ್ತಿ ಮಾಡಿದಾರೆ."

"ಇಲ್ಲಪ್ಪ, ಹಾಗೇ ಇದೆ" ಎಂದಳು ಅಕ್ಕ.

"ನಿಂಗೇನು ಗೊತ್ತು? ಜಾಸ್ತಿ ಮಾಡಿದಾರೆ."

ಆ ಜಗಳ ಚಿಕಿತ್ಸೆ ಮುಗಿಯುವವರೆಗೂ ನಡೆಯಿತು. ಮಧ್ಯಾಹ್ನದ ಕೆಲಸವನ್ನು ಅಪ್ಪ ತಾನೇ ವಹಿಸಿಕೊಂಡ. ಗ್ಯಾಸು ಹೋಗಲೆಂದು ಚಮಚದಲ್ಲಿ ತಿರುಗಿಸಿ, ನೊರೆ ಇಳಿಸಿ, ಅಕ್ಕನ ಮುಂದೆ ಹಿಡಿದು ಕೂರುತ್ತಿದ್ದ. ಹಿಂದೆಯೇ ಗಂಜಿ. ಆ ಹೊತ್ತಿನಲ್ಲಿ ನಾನು ಹಾಲಿನ ದಿವಾನದ ಮೇಲೆ ಮಲಗಿಬಿಡುತ್ತಿದ್ದೆ. ಒಳಗಿನಿಂದ ಅವರ ಮಾತು ಕೇಳುತ್ತಿತ್ತು. ವಠಾರದಲ್ಲಿ ಯಾರ ಮನೆ ಎಲ್ಲಿತ್ತು, ಬಾವಿಯ ರಾಟೆ ಯಾವಾಗ ಮುರಿಯಿತು, ಇಂಥವು. ಅದನ್ನು ಕೇಳುತ್ತ ನಿದ್ದೆ ಹೋಗುವುದು ಆ ವರ್ಷ ನನಗೆ ಸಿಕ್ಕ ಒಂದೇ ಸುಖ.

ಕಡೆಯ ಕೀಮೋ ಆಗಿ ಎರಡು ತಿಂಗಳ ಹೊತ್ತಿಗೆ ರುಚಿ ಮರಳಿತು. ಮೊದಲು ಗೊತ್ತಾದದ್ದು ಸಾರಿನ ಹುಳಿ. "ಹುಣಸೆಹಣ್ಣು ಹಾಕಿದೀಯಲ್ವೇನೇ?" ಎಂದು ಅಕ್ಕ ನನ್ನ ಹೆಂಡತಿಯನ್ನು ಕೇಳಿದಾಗ, ಅವಳು ಸೌಟು ಹಿಡಿದುಕೊಂಡೇ ಅತ್ತುಬಿಟ್ಟಳು. ಆಮೇಲೆ ಉಪ್ಪು ಬಂತು, ಕರಿಬೇವು ಬಂತು. ಅವೆಲ್ಲ ಬಂದಂತೆ ಆ ಪಾನೀಯ ಅವಳಿಗೆ ಬೇಡವಾಯಿತು. ಲೋಟ ಹತ್ತಿರ ತಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಆಸ್ಪತ್ರೆ ವಾಸನೆ ಬರುತ್ತೆ, ತಗೊಂಡ್ಹೋಗೋ" ಎಂದಳು. ಅಪ್ಪ ಕೂಡ ಒಬ್ಬನೇ ಕುಡಿಯಲಿಲ್ಲ. ಫ್ರಿಜ್ಜಿನಲ್ಲಿ ಉಳಿದ ದೊಡ್ಡ ಬಾಟಲಿಯಿಂದ ಹೆಂಡತಿ ಬಚ್ಚಲಿನ ಟೈಲ್ಸಿನ ಕಲೆ ತಿಕ್ಕಿದಳು. ಚೆನ್ನಾಗಿಯೇ ಹೋಯಿತು.

ಸ್ಕ್ಯಾನಿಂಗಿನಲ್ಲಿ ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು ಡಾಕ್ಟರು. ಸದ್ಯಕ್ಕೆ ಎಂಬ ಮಾತನ್ನು ಅಕ್ಕ ಕೇಳಿಸಿಕೊಂಡಳು, ನಾನೂ ಕೇಳಿಸಿಕೊಂಡೆ. ಆಟೋದಲ್ಲಿ, ನಮ್ಮಲ್ಲೇ ಇರು ಎಂದರೆ ಅಕ್ಕ ಒಪ್ಪಲಿಲ್ಲ. "ನೀವು ಸ್ವಲ್ಪ ಮಲಗಿ ನಿದ್ದೆ ಮಾಡಿ. ನಾನೂ ನನ್ನ ಮನೇಲಿ ನಿದ್ದೆ ಮಾಡ್ತೀನಿ" ಎಂದಳು.

ಕಳೆದ ಭಾನುವಾರ ಅವಳನ್ನು ಬಿಟಿಎಂಗೆ ಬಿಡಲು ಹೋದೆ. ಅಪ್ಪ ಬಾಗಿಲವರೆಗೆ ಬಂದು, ಅವಳ ತಲೆಯ ಮೇಲೆ ಹೊಸದಾಗಿ ಬರುತ್ತಿದ್ದ ಕೂದಲನ್ನು ಸವರಿ ಕಳಿಸಿಕೊಟ್ಟ. ಅಲ್ಲಿ ಬೀಗ ತೆಗೆದು, ಕಿಟಕಿ ತೆರೆದು, ಧೂಳು ಹೊಡೆಯುವಷ್ಟರಲ್ಲಿ ನಾನು ಕುರ್ಚಿಯಲ್ಲಿ ಕುಸಿದೆ. ಕೆಳಗಿನ ಮನೆಗೆ ಹೊಸದಾಗಿ ಬಂದ ಧಾರವಾಡದ ಕಡೆಯ ಹೆಂಗಸು ಒಂದು ಡಬ್ಬಿ ಹಿಡಿದು ಮೇಲೆ ಬಂದರು. ಗಂಡ ಹೆಂಡತಿ ಇಬ್ಬರೂ ಹತ್ತಿರದ ಆಫೀಸಿನಲ್ಲಿ ಕೆಲಸ ಮಾಡುತ್ತಾರಂತೆ.

"ಅಕ್ಕಾರ, ಮನಿ ಓನರ್ ಹೇಳಿದ್ರು ನೀವು ಬರ್ತೀರಿ ಅಂತ. ರೊಟ್ಟಿ ತಂದೀನ್ರಿ. ಶೇಂಗಾ ಚಟ್ನಿ ಸ್ವಲ್ಪ ಖಾರ ಐತಿ, ನಡೀತೈತೇನ್ರಿ?"

"ನಡಿಯುತ್ತಮ್ಮ, ತುಂಬ ಚೆನ್ನಾಗಿ ನಡಿಯುತ್ತೆ" ಎಂದು ಅಕ್ಕ ಡಬ್ಬಿ ಇಸಿದುಕೊಂಡಳು. ಅವರು ಕೆಳಗಿಳಿದು ಹೋದ ಮೇಲೆ ನಿಂತಲ್ಲೇ ಒಂದು ಚೂರು ರೊಟ್ಟಿ ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅಂಗೈಯಲ್ಲಿ ಒರೆಸಿಕೊಂಡು ಇನ್ನೊಂದು ಚೂರು ಮುರಿದಳು.

"ನೀನೂ ತಿನ್ನೋ" ಎಂದಳು.

ನಾನು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ಕೈ ಚಾಚಿದೆನೋ ಇಲ್ಲವೋ ನೆನಪಿಲ್ಲ.